ಹೆಸರು ಬದಲಿಸಿದರೂ ತೆರೆಯದ ಬಾಗಿಲು

‘ಒಕ್ಕೂಟ’ ಎಂಬ ಪದವನ್ನು ಪೌರನೀತಿಯ ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಬಾಯಲ್ಲಿ ಹೇಳಲು ಸುಲಭ, ಒಳಗೆ ಸೇರಿಸಿಕೊಳ್ಳುವುದು ಕಷ್ಟ. ಐರೋಪ್ಯ ಒಕ್ಕೂಟವನ್ನು ಸೇರಬೇಕಾದರೆ ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಗಟ್ಟಿಯಾದ ಮಾರುಕಟ್ಟೆ ಇರಬೇಕೆಂದು 1993ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಿಯಮ ಮಾಡಿದರು. ಆದರೆ ಒಳಗಿರುವ ಪ್ರತಿಯೊಂದು ದೇಶವೂ ಒಪ್ಪಬೇಕೆಂಬ ಇನ್ನೊಂದು ನಿಯಮವಿದೆಯಲ್ಲ, ನಿಜವಾದ ತೊಡಕು ಅಲ್ಲಿದೆ. ಅಕ್ಕಪಕ್ಕದವರ ಹಳೆಯ ಜಗಳವೆಲ್ಲ ಬಂದು ಆ ಬಾಗಿಲಲ್ಲಿ ಕೂರುತ್ತದೆ.

ಮೆಸಿಡೋನಿಯಾದ ಕತೆ ನೋಡಿ. ಯುಗೊಸ್ಲಾವಿಯಾದಿಂದ 1991ರಲ್ಲಿ ಬೇರೆಯಾದ ಪುಟ್ಟ ದೇಶ. ಅಲೆಕ್ಸಾಂಡರನ ನಾಡಿನ ಹೆಸರು ನಮ್ಮದು, ನಮ್ಮ ಉತ್ತರದ ಪ್ರಾಂತ್ಯಕ್ಕೂ ಅದೇ ಹೆಸರಿದೆ ಎಂದು 1981ರಲ್ಲೇ ಒಳಸೇರಿದ್ದ ಗ್ರೀಸ್ ತಕರಾರು ತೆಗೆಯಿತು. 2005ರಲ್ಲಿ ಅಭ್ಯರ್ಥಿಯೆಂದು ಒಪ್ಪಿದ್ದರೂ ಮಾತುಕತೆ ಶುರುವಾಗಲಿಲ್ಲ. ಕೊನೆಗೆ 2018ರಲ್ಲಿ ಪ್ರೆಸ್ಪಾ ಸರೋವರದ ದಂಡೆಯಲ್ಲಿ ಒಪ್ಪಂದವಾಗಿ, ಮರುವರ್ಷ ಆ ದೇಶ ‘ಉತ್ತರ ಮೆಸಿಡೋನಿಯಾ’ ಆಯಿತು. ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮಲ್ಲೂ ಇತ್ತು. ಆದರೆ ಹೆಸರು ಬದಲಿಸಿದ ಮೇಲೂ ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿರಲಿಲ್ಲ!

ಅದೇ 2019ರಲ್ಲಿ, ಸೇರಿಸಿಕೊಳ್ಳುವ ಕ್ರಮವನ್ನೇ ಮೊದಲು ತಿದ್ದೋಣವೆಂದು ಫ್ರಾನ್ಸ್ ತಡೆಯಿತು. 2020ರಲ್ಲಿ ಬಲ್ಗೇರಿಯಾ ಅಡ್ಡ ನಿಂತಿತು. ಪಾಠ ಹೇಳುವವಳಾದ ನನ್ನನ್ನು ಹೆಚ್ಚು ತಟ್ಟಿದ್ದು ಇದು. ಮೆಸಿಡೋನಿಯನ್ ಬೇರೆ ಭಾಷೆಯೇ ಅಲ್ಲ, ಅದು ಬಲ್ಗೇರಿಯನ್ನಿನದೇ ಒಂದು ರೂಪ. ಶಾಲೆಯ ಇತಿಹಾಸ ಪುಸ್ತಕಗಳನ್ನು ತಿದ್ದಬೇಕು ಎಂಬುದು ಅದರ ವಾದ. ಒಂದು ಭಾಷೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರು ಇಂಥ ಮಾತನ್ನು ಹೇಗೆ ಕೇಳಿಸಿಕೊಂಡಾರು?

ಜಗಳದ ನಡುವೆ ಗೋಟ್ಸೆ ಡೆಲ್ಚೆವ್ ಇದ್ದಾನೆ. ಆಟೊಮನ್ ತುರ್ಕರ ವಿರುದ್ಧದ ಗುಪ್ತ ಸಂಘಟನೆಯ ಮುಂದಾಳು. ಅವನೂ ಶಾಲಾ ಮೇಷ್ಟ್ರೇ. 1872ರಲ್ಲಿ ಅವನು ಹುಟ್ಟಿದ ಊರು ಇಂದು ಗ್ರೀಸಿನಲ್ಲಿದೆ. ತುರ್ಕರ ಕೈಯಲ್ಲಿ 1903ರಲ್ಲಿ ಸತ್ತ. ಅವನ ಅಸ್ಥಿ 1946ರಲ್ಲಿ ಬಲ್ಗೇರಿಯಾದ ಸೋಫಿಯಾದಿಂದ ಮೆಸಿಡೋನಿಯಾದ ಸ್ಕೋಪ್ಯೆಗೆ ಹೋಯಿತು. ಅವನು ನಮ್ಮವನೆಂದು ಎರಡೂ ದೇಶಗಳು ಹೇಳುತ್ತವೆ.

ಇಂಥವನ್ನು ಬಗೆಹರಿಸಲು 2017ರ ಸ್ನೇಹ ಒಪ್ಪಂದದಂತೆ ಎರಡೂ ಕಡೆಯ ಇತಿಹಾಸಜ್ಞರ ಸಮಿತಿಯೊಂದನ್ನು ಮಾಡಿದರು. ಬಲ್ಗೇರಿಯಾದ ನೋವು ಪೂರಾ ಸುಳ್ಳೆನ್ನಲಾರೆ. ಯುಗೊಸ್ಲಾವಿಯಾದ ಕಾಲದಲ್ಲಿ ತಾವು ಬಲ್ಗೇರಿಯನ್ನರೆಂದವರಿಗೆ ಕಿರುಕುಳವಾದದ್ದುಂಟು. ಆದರೆ ಚರ್ಚೆಗೆ ಕೂತ ಇಬ್ಬರಲ್ಲಿ ಒಬ್ಬರ ಸೊಂಟದಲ್ಲಿ ಮಾತ್ರ ಬೀಗದ ಕೈ ಇದ್ದರೆ ಅದನ್ನು ಚರ್ಚೆ ಎನ್ನುವುದು ಹೇಗೆ?

2022ರಲ್ಲಿ ಮಾತುಕತೆಗೆ ಮುಹೂರ್ತವೇನೋ ಆಯಿತು. ಜೊತೆಗೆ, ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸಬೇಕೆಂಬ ಷರತ್ತೂ ಬಂತು. ಸೇರುವ ಮೊದಲೇ ಅದನ್ನು ಮಾಡಲಾರೆವು ಎಂದಿತು 2024ರಲ್ಲಿ ಗೆದ್ದು ಬಂದ ಸರ್ಕಾರ. ಆ ವರ್ಷದ ಅಕ್ಟೋಬರಿನಲ್ಲಿ, ಒಂದೇ ಸಾಲಿನಲ್ಲಿ ನಿಂತಿದ್ದ ಅಲ್ಬೇನಿಯಾವನ್ನು ಮಾತ್ರ ಮುಂದಕ್ಕೆ ಕರೆದರು.