ಕಾಂಪೌಂಡರ ಕತ್ತರಿ

ಔಷಧದ ಸೀಸೆಯ ಪಕ್ಕಕ್ಕೆ ಉದ್ದನೆಯ ಬಿಳಿ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಲವೊಂದಿತ್ತು. ಕಾಂಪೌಂಡರು ಆ ಪಟ್ಟಿಯ ಅಂಚನ್ನು ಕತ್ತರಿಯಿಂದ ಕಚ್ಚು ಮಾಡಿರುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಮಿಕ್ಸ್ಚರ್. ಅಕ್ಷರ ಬಾರದ ಅಜ್ಜಿಗೂ ಅದು ಅರ್ಥವಾಗುತ್ತಿತ್ತು.

ಬೆಂಗಳೂರಿನ ದಂಡು ಪ್ರದೇಶದಂಥ ಕಡೆ ಇಂಥ ಗುರುತಿಗೆ ವಿಶೇಷ ಬೆಲೆ. 1809ರಲ್ಲಿ ಬ್ರಿಟಿಷರ ಸೇನಾ ನೆಲೆಯಾಗಿ ಆರಂಭವಾದ ದಂಡು, ಹಲಸೂರಿನಿಂದ ಇಂದಿನ ಶಿವಾಜಿನಗರದವರೆಗೆ ತಮಿಳು, ಉರ್ದು, ತೆಲುಗು, ಕನ್ನಡ ಮಾತನಾಡುವವರನ್ನೆಲ್ಲ ಸೇರಿಸಿಕೊಂಡು ಬೆಳೆಯಿತು. 1860ರ ದಶಕದಲ್ಲಿ ಕಮಿಷನರ್ ಲೆವಿನ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ ಇಲ್ಲಿ ತಲೆಯೆತ್ತಿತು. ಪಾಶ್ಚಾತ್ಯ ವೈದ್ಯದ ಔಷಧ ಚೀಟಿಯದು ಲ್ಯಾಟಿನ್ ಸಂಕ್ಷೇಪಗಳ ಭಾಷೆ: ‘ಬಿ.ಡಿ.’ ಎಂದರೆ ದಿನಕ್ಕೆರಡು ಸಲ, ‘ಟಿ.ಡಿ.ಎಸ್.’ ಎಂದರೆ ಮೂರು ಸಲ, ‘ಎಚ್.ಎಸ್.’ ಎಂದರೆ ಮಲಗುವಾಗ. ಅದನ್ನು ರೋಗಿಯ ಮಾತಿಗೆ ಇಳಿಸುವ ಹೊಣೆ ಕಾಂಪೌಂಡರದು.

ಕಾರ್ಖಾನೆಯ ಮಾತ್ರೆಗಳು ಬಂದ ಮೇಲೆ ಸೀಸೆಯೂ ಪಟ್ಟಿಯೂ ಮರೆಯಾದವು. 1940ರ ಔಷಧ ಕಾಯಿದೆ, 1945ರ ನಿಯಮಗಳು ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ಲೇಬಲ್ಲಿಗೆ ತಂದವು. ಕಲಬೆರಕೆ ತಡೆಯಲು ಇದು ಬೇಕೇ ಬೇಕು. ಆದರೆ ಔಷಧ ಯಾವುದೆಂದು ಹೇಳುವ ಲೇಬಲ್ಲು, ಈ ರೋಗಿ ಅದನ್ನು ಯಾವಾಗ, ಎಷ್ಟು ನುಂಗಬೇಕೆಂದು ಹೇಳಲಾರದು. ಅದು ಬಾಯಿಮಾತಿಗೇ ಉಳಿಯಿತು.

ಇದರ ಕಷ್ಟ ಹೆಚ್ಚಾಗಿ ವಯಸ್ಸಾದವರಿಗೆ. ಬಿಪಿ, ಸಕ್ಕರೆ ಕಾಯಿಲೆ, ಕೀಲುನೋವು ಎಂದು ಹಲವು ಮಾತ್ರೆ. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷ್. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಮನೆಗೆ ಬಂದರೆ ಎರಡನ್ನೂ ನುಂಗುವ ಅಪಾಯವಿದೆ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಸಂಚಕಾರ. ಅಂಗಡಿಯಲ್ಲಿ ಸ್ಟ್ರಿಪ್ಪನ್ನು ತುಂಡು ಮಾಡಿದಾಗ ಹೆಸರು, ದಿನಾಂಕ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತವೆ. ಅಂದು ತಿಳಿವಳಿಕೆ ಕೊಟ್ಟ ಕತ್ತರಿಯೇ ಇಂದು ಅದನ್ನು ಕತ್ತರಿಸಿ ಹಾಕುತ್ತಿದೆ.

ನಿಯಮಗಳಿಗೆ ಬರವಿಲ್ಲ. ಔಷಧ ಕೊಡುವವರು ರೋಗಿಗೆ ತಿಳಿಹೇಳಬೇಕೆಂದು 2015ರ ಫಾರ್ಮಸಿ ನಿಬಂಧನೆಗಳು ಹೇಳಿದವು. ವೈದ್ಯರ ಬರಹ ಸ್ಪಷ್ಟವಾಗಿರಬೇಕೆಂದು 2016ರ ತಿದ್ದುಪಡಿ ಹೇಳಿತು. 2023ರಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಆದರೆ ಸ್ಮಾರ್ಟ್‌ಫೋನ್ ಬಳಸಲು ಬಾರದ ತಾತನಿಗೆ ಅದು ಬರೀ ಕಪ್ಪು ಚುಕ್ಕಿಗಳ ಚೌಕ.

ಹಳೆಯ ಪಟ್ಟಿಯ ನಿಜವಾದ ವಾರಸುದಾರ ಚೀಟಿಯಲ್ಲಿ ಬರೆಯುವ ‘1-0-1’: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದಕ್ಕೆ ಭಾಷೆ ಬೇಡ. ಮಾತ್ರೆಯ ಕವರಿನ ಮೇಲೆ ಇದನ್ನೇ ದಪ್ಪಕ್ಷರದಲ್ಲಿ ಬರೆದು, ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಗುರುತು ಹಾಕಿ, ‘ಹೇಗೆ ತಗೋತೀರಿ, ಒಮ್ಮೆ ಹೇಳಿ ನೋಡೋಣ’ ಎಂದು ಹಿರಿಯರನ್ನೇ ಕೇಳಿದರೆ ಎಷ್ಟೋ ಅನಾಹುತ ತಪ್ಪೀತು. ಅದಕ್ಕೆ ಬೇಕಾದುದು ಒಂದು ಪೆನ್ನು, ಎರಡು ನಿಮಿಷದ ತಾಳ್ಮೆ.