ಖಬರಸ್ತಾನದ ಬೋರ್ಡಿಗೆ ಖರ್ಚೆಷ್ಟು?

ರಸೆಲ್ ಮಾರುಕಟ್ಟೆಯ ಚರಿತ್ರೆ ನಮಗೆ ಗೊತ್ತು. 1927ರಲ್ಲಿ ದಂಡಿನ ಪ್ರದೇಶದಲ್ಲಿ ಕಟ್ಟಲಾದ ಇದಕ್ಕೆ ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್‌ರ ಹೆಸರು ಬಂತು. 1933ರಲ್ಲಿ ಉದ್ಘಾಟಿಸಿದವರು ವರ್ತಕ ಹಾಜಿ ಸರ್ ಇಸ್ಮಾಯೀಲ್ ಸೇಠ್. ಆದರೆ ಆ ಕಾಲದಲ್ಲಿ ಇಲ್ಲಿ ಮಾಂಸ, ಹಣ್ಣು ಮಾರಿದವರು, ಮೂಟೆ ಹೊತ್ತವರು, ಸುತ್ತಲಿನ ಮಸೀದಿಗಳಲ್ಲಿ ಅಝಾನ್ ಕೊಟ್ಟವರು? ಅವರು ಮಣ್ಣಾದ ಹಳೆಯ ಖಬರಸ್ತಾನಗಳಲ್ಲಿ ಎಷ್ಟರ ಬಾಗಿಲಲ್ಲಿ ಹೆಸರು, ಇಸವಿ ಹೇಳುವ ಬೋರ್ಡಿದೆ?

ಗುರುತು ಇಡುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಖಬರಿಗೆ ಗಾರೆ ಬಳಿಯುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿ(ಸ) ತಡೆದಿದ್ದಾರೆ. ಆದರೆ ಮದೀನಾದಲ್ಲಿ ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್(ರ) ದಫನವಾದಾಗ, ಒಬ್ಬರಿಂದ ಎತ್ತಲಾಗದ ಕಲ್ಲನ್ನು ತೋಳು ಮಡಚಿ ತಾವೇ ಹೊತ್ತು ತಂದು ತಲೆಯ ಬಳಿ ಇಟ್ಟವರೂ ಪ್ರವಾದಿ(ಸ) ಅವರೇ. ಈ ವರದಿ ಅಬೂದಾವೂದ್‌ನಲ್ಲಿದೆ. ಅಂದರೆ ಆಡಂಬರ ಬೇಡ, ಗುರುತು ಇರಲಿ. ಗೋರಿಯ ಮೇಲಲ್ಲ, ಗೇಟಿನ ಬಳಿ ಸಾದಾ ಬೋರ್ಡು ಸಾಕು.

ಹಣ ಯಾರದು? ಶ್ರೀರಂಗಪಟ್ಟಣದ ಗುಂಬಝ್‌ನಂಥ ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಇಲಾಖೆ ಇದೆ. ಮೊಹಲ್ಲಾದ ಖಬರಸ್ತಾನಕ್ಕೆ ಜಮಾಅತೇ ಗತಿ. ಖಬರು ತೋಡುವವರ ಕೂಲಿ, ಕಾಂಪೌಂಡು, ನೀರು, ದೀಪ ಮುಗಿದ ಮೇಲೆ ಉಳಿಯುವುದು ಅಲ್ಪ. ಹಾಗಾಗಿ ಅಗ್ಗವೆಂದು ಫ್ಲೆಕ್ಸ್ ಕಟ್ಟುತ್ತೇವೆ. ಬಿಸಿಲಿಗೆ ಅಕ್ಷರ ಮಾಸುತ್ತದೆ, ಮತ್ತೆ ಹೊಸದು. ತಗಡಿನ ಬೋರ್ಡಿಗೆ ಆಗಾಗ ಬಣ್ಣ ಬೇಕು. ಕೆತ್ತಿದ ಕಲ್ಲು ಮೊದಲಿಗೆ ದುಬಾರಿ, ಆದರೆ ಒಂದೇ ಸಲದ ಖರ್ಚು. ಮೊಮ್ಮಕ್ಕಳ ಕಾಲಕ್ಕೂ ಓದಬಹುದು.

ನಿಜವಾದ ಖರ್ಚು ಅಕ್ಷರಗಳಲ್ಲಿದೆ. ಖಬರಸ್ತಾನದ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ವಕ್ಫ್ ಗೆಜೆಟ್‌ನ ದಿನಾಂಕ, ದಾಖಲೆ ಇದ್ದರೆ ಮಾತ್ರ ಸ್ಥಾಪನೆಯ ಇಸವಿ: ಇವೆಲ್ಲ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಇದಕ್ಕಾಗಿ ಹಳೆಯ ದಫನ್ ರಿಜಿಸ್ಟರ್ ತೆರೆಯಬೇಕು, ಕಚೇರಿಗೆ ಅಲೆದು ನಕಲು ತೆಗೆಸಬೇಕು, ಹಿರಿಯರ ಬಳಿ ಕೂತು ಕೇಳಬೇಕು. ಇದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ. ಆ ಹಿರಿಯರೂ ಒಬ್ಬೊಬ್ಬರಾಗಿ ಅದೇ ಮಣ್ಣಿಗೆ ಸೇರುತ್ತಿದ್ದಾರೆ. ಮುಂದೆ ಒತ್ತುವರಿಯ ತಕರಾರು ಬಂದರೆ ಕಲ್ಲೊಂದೇ ಪುರಾವೆಯಾಗದು. ಆದರೆ ಅದನ್ನು ಬರೆಸಲು ನಾವು ಕೂಡಿಸಿದ ಕಾಗದಗಳು ಕೈಯಲ್ಲಿರುತ್ತವೆ.

ಮುಂದಿನ ಜುಮಾದ ನಂತರ ಪ್ರತಿ ಕಮಿಟಿ ಇಬ್ಬರು ಯುವಕರಿಗೆ ಈ ಕೆಲಸ ಒಪ್ಪಿಸಲಿ. ಕಾಗದ ಮೊದಲು, ಕಲ್ಲು ಆಮೇಲೆ.