ನಾನೂರು ವರ್ಷದಿಂದ ಬಡ್ಡಿ ಕೊಡ್ತಿರೋ ಏರಿ

ಈ ಸಲ ಬೆಳೆ, ರೋಗ, ಗೊಬ್ಬರದ ವಿಷಯ ಅಲ್ಲ. ಏರಿ ಉಳಿಸಿಕೊಳ್ಳೋದಕ್ಕೆ ಜನ ತಮ್ಮ ಉಳಿತಾಯದ ದುಡ್ಡು ಹಾಕಿದ ಹಳೇ ಸಂಗತಿ. ನಡೆದದ್ದು ಹಾಲೆಂಡಿನಲ್ಲಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ. ನಮ್ಮ ಕೆರೆಗೂ ಇದಕ್ಕೂ ಏನು ಸಂಬಂಧ ಅಂತ ಕೊನೆಯಲ್ಲಿ ಹೇಳ್ತೀನಿ.

ಹಾಲೆಂಡ್ ತಗ್ಗಿನ ದೇಶ. ಬಹಳ ಕಡೆ ಹೊಲಕ್ಕಿಂತ ನದಿ ನೀರೇ ಎತ್ತರ. ನಾವು ಏರಿ ಕಟ್ಟೋದು ನೀರು ನಿಲ್ಲಿಸೋದಕ್ಕೆ, ಅವರು ಕಟ್ಟೋದು ನೀರನ್ನ ಹೊರಗಿಡೋದಕ್ಕೆ. ರೈನ್ ನದಿಯ ಒಂದು ಕವಲಿಗೆ ಲೆಕ್ ಅಂತ ಹೆಸರು. ಅದರ ಉತ್ತರ ದಡದಲ್ಲಿ ಸುಮಾರು 33 ಕಿಲೋಮೀಟರ್ ಉದ್ದದ ಏರಿ ಇದೆ. ಹಿಂದೆ ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ, ಆಮೇಲೆ ಮಂಜುಗಡ್ಡೆ ಬಂಡೆ ಬಂಡೆಯಾಗಿ ಬಂದು ಏರಿಗೆ ಗುದ್ದುತ್ತಿತ್ತು. ಒಡೆದರೆ ಒಬ್ಬರ ಹೊಲ ಅಲ್ಲ, ಸೀಮೆಯೇ ಮುಳುಗುತ್ತೆ.

ಈ ಏರಿ ನೋಡಿಕೊಳ್ಳೋದಕ್ಕೆ ಅಂತಲೇ ಒಂದು ನೀರಿನ ಮಂಡಳಿ ಇತ್ತು. ಹೆಸರು ಲೆಕ್‌ಡೈಕ್ ಬೊವೆನ್‌ಡಾಮ್ಸ್. ಏರಿಯ ಮರೆಯಲ್ಲಿ ಜಮೀನು ಇದ್ದೋರು ಅದರ ಖರ್ಚು ಹೊರಬೇಕಿತ್ತು. ಹಿಂದೆ ಆ ಕಡೆ ಏರಿಯನ್ನ ಭಾಗ ಮಾಡಿ, ಜಮೀನಿಗೆ ತಕ್ಕಂತೆ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಹಂಚೋ ಪದ್ಧತಿ ಇತ್ತು. ಜಮೀನಿನ ಅಳತೆ ಮೇಲೆ ತೆರಿಗೆ ಎತ್ತೋ ಹಕ್ಕೂ ಇಂಥ ಮಂಡಳಿಗಳಿಗೆ ಇತ್ತು. ಅಧಿಕಾರವೆಲ್ಲ ದೊಡ್ಡ ಕುಳಗಳ ಕೈಲೇ ಇತ್ತು ಅನ್ನೋದೂ ನಿಜ, ಮುಚ್ಚಿಡೋದು ಬೇಡ.

ವರ್ಷ ವರ್ಷದ ರಿಪೇರಿಗೆ ತೆರಿಗೆ ಸಾಕು. ಏರಿ ಒಡೆದಾಗ ಮಾತ್ರ ಒಂದೇ ಸಲಕ್ಕೆ ದೊಡ್ಡ ದುಡ್ಡು ಬೇಕು. 1624ರಲ್ಲಿ ಮಂಜುಗಡ್ಡೆಯ ಹೊಡೆತಕ್ಕೆ ಏರಿ ಒಡೆಯಿತು. ಆಗ ಮಂಡಳಿ ಜನರ ಹತ್ತಿರ ಸಾಲ ಎತ್ತಿತು. ಕೊಟ್ಟವರಲ್ಲಿ ಒಬ್ಬ ಹೆಣ್ಣುಮಗಳು ಎಲ್ಸ್‌ಕೆನ್ ಯೋರಿಸ್‌ಡಾಕ್ಟರ್, ಅಂದರೆ ಯೋರಿಸನ ಮಗಳು ಅಂತ. 1,200 ಗಿಲ್ಡರ್ ಕೊಟ್ಟಳು. ಬಡ್ಡಿ ವರ್ಷಕ್ಕೆ ನೂರಕ್ಕೆ ಆರೂಕಾಲು. ಲೆಕ್ಕ ಹಾಕಿ, 75 ಗಿಲ್ಡರ್ ಆಗುತ್ತೆ.

1648ರಲ್ಲಿ ಅದೇ ಮಂಡಳಿ ಮತ್ತೆ ಸಾಲ ಎತ್ತಿತು. ನದಿ ತಿರುವಿನಲ್ಲಿ ನೀರು ಏರಿ ಕೊರೆಯದ ಹಾಗೆ, ದಡದಿಂದ ನದಿಯೊಳಕ್ಕೆ ಅಡ್ಡ ತಡೆ ಕಟ್ಟೋ ಕೆಲಸಕ್ಕೆ. 1,000 ಗಿಲ್ಡರಿಗೆ ಒಂದು ಬಾಂಡ್, ನೂರಕ್ಕೆ 5ರ ಬಡ್ಡಿ. ಆಗ ಅದು ಒಬ್ಬ ಕೆಲಸಗಾರನ ಕೆಲವು ವರ್ಷದ ದುಡಿಮೆ. ಬರೆದದ್ದು ಮೇಕೆ ಚರ್ಮದ ಮೇಲೆ. ಷರತ್ತು ಏನಂದ್ರೆ, ಅಸಲು ಇಷ್ಟು ವರ್ಷಕ್ಕೆ ವಾಪಸ್ ಅಂತ ಗಡುವು ಇಲ್ಲ, ಬಡ್ಡಿ ಮಾತ್ರ ಎಂದೆಂದಿಗೂ. ಬಾಂಡ್ ಯಾರ ಕೈಲಿದೆಯೋ ಅವರು ತಂದು ತೋರಿಸಿದರೆ ಬಡ್ಡಿ ಕೊಟ್ಟು, ಕೊಟ್ಟದ್ದನ್ನ ಅದರ ಮೇಲೇ ಬರೀತಿದ್ರು. ದುಡ್ಡಿನ ಅಗತ್ಯ ಬಿದ್ದೋರು ಬೇರೆಯವರಿಗೆ ಮಾರಿಕೊಳ್ಳಬಹುದಿತ್ತು.

ಈ ಎರಡೂ ಬಾಂಡ್ ಇವತ್ತೂ ಜೀವಂತ ಇವೆ. 1624ರದ್ದು ನ್ಯೂಯಾರ್ಕ್ ಷೇರು ಮಾರುಕಟ್ಟೆಯವರ ಹತ್ತಿರ ಇದೆ. 1648ರದ್ದನ್ನ ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2003ರಲ್ಲಿ ಸುಮಾರು 24,000 ಯೂರೋ ಕೊಟ್ಟು ಕೊಂಡಿತು. 2015ರಲ್ಲಿ ಅಲ್ಲಿನ ಪ್ರೊಫೆಸರೊಬ್ಬರು ಹಾಲೆಂಡಿಗೆ ಹೋಗಿ 12 ವರ್ಷದ ಬಾಕಿ ಬಡ್ಡಿ 136 ಯೂರೋ 20 ಸೆಂಟ್ ಎಣಿಸಿಕೊಂಡು ಬಂದರು. ಹಳೇ ಮಂಡಳಿ ಈಗಿಲ್ಲ. ಅದು ಸೇರಿಹೋದ ಡೆ ಸ್ಟಿಕ್ಟ್ಸೆ ರೈನ್‌ಲ್ಯಾಂಡನ್ ಅನ್ನೋ ಹೊಸ ಮಂಡಳಿ ಹಳೇ ಸಾಲವನ್ನೂ ಹೊತ್ತುಕೊಂಡಿದೆ. ಮಧ್ಯದಲ್ಲಿ ನೆಪೋಲಿಯನ್ ಬಂದು ಹೋದ, ಹಿಟ್ಲರನ ಸೈನ್ಯ ಬಂದು ಹೋಯಿತು.

ಇದರಿಂದ ಯಾರೂ ಸಾಹುಕಾರರಾಗಲಿಲ್ಲ, ಅದನ್ನೂ ಹೇಳಬೇಕು. ಬಡ್ಡಿ 5ರಿಂದ ಮೂರೂವರೆಗೆ, ಆಮೇಲೆ ಎರಡೂವರೆಗೆ ಇಳಿಯಿತು. ದುಡ್ಡಿನ ಬೆಲೆಯೂ ಕರಗಿತು. ಈಗ ಆ ಬಾಂಡಿಗೆ ವರ್ಷಕ್ಕೆ ಬರೋದು 11 ಯೂರೋ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿ ಆಸುಪಾಸು. ಆದರೆ ಮಾತು ತಪ್ಪಲಿಲ್ಲ. ಯಾಕೆ ತಪ್ಪಲಿಲ್ಲ ಅಂದ್ರೆ, ಸಾಲ ಮಾಡಿದ ಮಂಡಳಿಗೆ ಓಡಿಹೋಗೋ ಜಾಗ ಇರಲಿಲ್ಲ. ಏರಿ ಅಲ್ಲೇ, ಜಮೀನೂ ಅಲ್ಲೇ, ತೆರಿಗೆ ಬರೋದೂ ಅಲ್ಲಿಂದಲೇ. ಇವತ್ತು ಬಡ್ಡಿ ತಪ್ಪಿಸಿದರೆ ನಾಳೆ ಏರಿ ಒಡೆದಾಗ ಒಬ್ಬರೂ ಕಾಸು ಬಿಚ್ಚಲ್ಲ.

ನಮ್ಮಲ್ಲೂ ಇದಕ್ಕೆ ಹತ್ತಿರದ ಪದ್ಧತಿ ಇತ್ತು. ಸ್ವಂತ ಖರ್ಚಲ್ಲಿ ಕೆರೆ ಕಟ್ಟಿದೋರಿಗೆ, ಒಡೆದ ಕೆರೆ ಸರಿ ಮಾಡಿದೋರಿಗೆ ಕಂದಾಯ ಇಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಜಮೀನು ಬಿಟ್ಟುಕೊಡ್ತಿದ್ರು. ಕಟ್ಟುಕೊಡಗೆ ಅಂತ ಹೆಸರು. ಶಾಸನಗಳಲ್ಲಿ ಬರೋ ಬಿತ್ತುವಟವೂ ಕೆರೆಗಾಗಿ ಬಿಟ್ಟ ಭೂಮಿಯೇ. ಕೆರೆ ಅಚ್ಚುಕಟ್ಟಿನ ಗದ್ದೆ ಸಿಕ್ಕರೆ ಕೆರೆ ತುಂಬಿರಲಿ ಅನ್ನೋ ಆಸೆ ತಾನಾಗೇ ಇರುತ್ತೆ. ಆಮೇಲೆ ಕೆರೆ ಸರ್ಕಾರದ್ದಾಯಿತು, ಇನಾಂ ರದ್ದಾಯಿತು, ಬೋರ್‌ವೆಲ್ ಬಂತು. ಏರಿ ಮೇಲೆ ಜಾಲಿ ಬೆಳೆದರೂ ಇದು ನನ್ನದು ಅನ್ನೋರಿಲ್ಲ.

ಈಗ ನಮ್ಮ ಕೆರೆ ತೂಬಿಗೆ ಎಕರೆಗೆ ಇಷ್ಟು ಅಂತ ಎತ್ತೋ ಮಾತು ಎದ್ದಿದೆ. ದುಡ್ಡು ಡಬಲ್ ಮಾಡಿಕೊಡ್ತೀವಿ ಅಂದೋರ ಕೈಗೆ ಗೂಡು ಮಾರಿದ ದುಡ್ಡು, ಹಾಲಿನ ದುಡ್ಡು ಕೊಟ್ಟು ಕಳಕೊಂಡ ಮನೆಗಳು ನಮ್ಮ ಸೀಮೇಲಿ ಇವೆ. ಹಾಗಾಗಿ ತೂಬಿಗೂ ಕೊಡೋಕೆ ಕೈ ಹಿಂಜರಿಯುತ್ತೆ, ತಪ್ಪೇನಿಲ್ಲ. ಆದರೆ ಕೊಡಲ್ಲ ಅನ್ನೋದಕ್ಕೆ ಮುಂಚೆ ಸಭೇಲಿ ನಾಲ್ಕು ಮಾತು ಕೇಳೋಣ. ದುಡ್ಡು ಯಾವ ಕೆಲಸಕ್ಕೆ, ಅದು ಕಣ್ಣಿಗೆ ಕಾಣುತ್ತಾ? ಹಿಡಿದುಕೊಳ್ಳೋರ ಗದ್ದೆ ಈ ಕೆರೆ ಕೆಳಗಿದೆಯಾ? ವರ್ಷ ವರ್ಷದ ರಿಪೇರಿಗೆ ಹುಟ್ಟುವಳಿ ಎಲ್ಲಿಂದ? ಲೆಕ್ಕದ ಪುಸ್ತಕ ಎಲ್ಲಿ ಇಡ್ತಾರೆ, ಯಾರು ಬೇಕಾದರೂ ನೋಡಬಹುದಾ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ನನ್ನ ಪಾಲು ನಾನು ಕೊಡ್ತೀನಿ. ಸಿಗದಿದ್ದರೆ ಸಿಗೋ ತನಕ ಕೇಳೋಣ. ಮುಂಗಾರಿಗೆ ಮುಂಚೆ ತೂಬು ಆಗಬೇಕು, ತಡ ಮಾಡೋದು ಬೇಡ.